ಸಾಗವಾನಿ ಬೋಳಾಯಿತು, ಹುಳು ಎಲ್ಲಿ ಹೋದವು?

ಪ್ರಶ್ನೆ: ನಮ್ಮದು ಖಾನಾಪುರ ತಾಲೂಕಿನ ನಾಗರಗಾಳಿ ಕಡೆ. ಹೊಲದ ಬದುವಿನ ಮೇಲೆ ಸುಮಾರು ನೂರು ಸಾಗವಾನಿ ಗಿಡ ಇವೆ. ಅರ್ಧ ಹನ್ನೆರಡು ವರ್ಷದವು, ಅರ್ಧ ಮೂರು ವರ್ಷದವು. ಮಿರಗ ಕೂಡುವ ಹೊತ್ತಿಗೆ ಹಚ್ಚಗೆ ಚಿಗುರಿದ್ದವು. ಹತ್ತೇ ದಿನದಲ್ಲಿ ಎಲೆಯ ನರ ಬಿಟ್ಟರೆ ಏನೂ ಉಳಿಯಲಿಲ್ಲ. ಪಕ್ಕದ ಕಾಡೂ ಹಾಗೇ ಆಗಿದೆ. ಕರಿ ಹುಳುಗಳು ದಾರ ಬಿಟ್ಟುಕೊಂಡು ತಲೆ ಮೇಲೆ ಇಳಿಯುತ್ತಿದ್ದವು. ಎರಡು ದಿನ ಬಿಟ್ಟು ನೋಡಿದರೆ ಒಂದೂ ಇಲ್ಲ! ಗಿಡ ಸಾಯುತ್ತವಾ? ಮುಂದೆ ಭತ್ತ, ಕಬ್ಬಿಗೆ ಬರುತ್ತವಾ? ಅಂಗಡಿಯವರು ಔಷಧ ಹೊಡೆಯಿರಿ ಅನ್ನುತ್ತಾರೆ. ಬೇಸಿಗೆಯಲ್ಲಿ ತರಗೆಲೆ ಸುಟ್ಟಿದ್ದರೆ ಹುಳು ಬರುತ್ತಿರಲಿಲ್ಲ ಅಂತ ಊರಲ್ಲಿ ಕೆಲವರ ಮಾತು. ಹೌದಾ? ಇನ್ನೊಂದು, ನನ್ನ ಮೊಮ್ಮಗಳು ಗಿಡದ ಬುಡದಲ್ಲಿ ಸಿಕ್ಕ ಮೂರು ಕೋಶಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟುಕೊಂಡಿದ್ದಾಳೆ. ಅದರಿಂದ ಏನು ಬರುತ್ತದೆ ಅಂತ ದಿನಾ ಕೇಳುತ್ತಾಳೆ.

ಉತ್ತರ: ಗಿಡ ಸಾಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಚಹಾ ಕುಡಿಯುತ್ತಾ ನಿಧಾನವಾಗಿ ಓದಿ. ಈ ಉತ್ತರ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಹನ್ನೆರಡು ವರ್ಷದ ಗಿಡಗಳಲ್ಲಿ ಹೊಸ ಚಿಗುರು ಕಾಣಿಸಿಕೊಂಡಿರುತ್ತದೆ. ಒಂದು ಎಳೆ ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡಿ. ಕೈ ಕೆಂಪಾದರೆ ನಿಮ್ಮ ಸಾಗವಾನಿ ಗಟ್ಟಿಯಾಗಿದೆ ಅಂತಲೇ ತಿಳಿಯಿರಿ. (ನಮ್ಮ ಕಡೆ ನೂರು ವರ್ಷದ ಆಲವೂ ‘ಗಿಡ’ವೇ. ನಾನೂ ಗಿಡ ಅಂತಲೇ ಬರೆಯುತ್ತೇನೆ. ದಕ್ಷಿಣದ ಓದುಗರು ಅದನ್ನು ಮರ ಅಂತ ಓದಿಕೊಳ್ಳಲಿ.)

ನಿಮ್ಮ ಸಾಗವಾನಿ ತಿಂದದ್ದು ಒಂದು ಪತಂಗದ ಮರಿಹುಳು. ವಿಜ್ಞಾನದಲ್ಲಿ ಅದರ ಹೆಸರು ಹೈಬ್ಲಿಯಾ ಪ್ಯುರಾ. 1777ರಲ್ಲೇ ಕ್ರಾಮರ್ ಎಂಬ ಡಚ್ ಕೀಟತಜ್ಞ ಇದನ್ನು ದಾಖಲಿಸಿದ್ದ. ಹೊರಗಿನಿಂದ ಬಂದ ಹುಳು ಅಲ್ಲ ಇದು, ಇಲ್ಲಿಯದೇ. ಮೆಕ್ಕೆಜೋಳಕ್ಕೆ ಈಚೆಗೆ ಬಂದ ಸೈನಿಕ ಹುಳುವಿನ ಜೊತೆ ಇದನ್ನು ಸೇರಿಸಬೇಡಿ. ಅದು ಅಮೆರಿಕದಿಂದ ಬಂದದ್ದು. ಇದಕ್ಕೂ ಸಾಗವಾನಿಗೂ ಇರುವ ನಂಟು ನಮ್ಮ ಊರುಗಳಿಗಿಂತ ಹಳೆಯದು. ಭತ್ತ, ಕಬ್ಬು, ಜೋಳ ಇದಕ್ಕೆ ಬೇಡ. ಹುಲ್ಲಿನ ಜಾತಿಯನ್ನು ಇದು ಮೂಸಿಯೂ ನೋಡುವುದಿಲ್ಲ. ಸಾಗವಾನಿ ಬಿಟ್ಟರೆ ಲಕ್ಕಿ ಗಿಡದಂಥ ಕೆಲವೇ ಗಿಡಗಳು ಇದಕ್ಕೆ ಆಗುತ್ತವೆ. ಮುಂಬೈ ಕಡೆ ಸಮುದ್ರದ ಅಂಚಿನ ಕಾಂಡ್ಲಾ ಕಾಡನ್ನೂ ಬೋಳು ಮಾಡುತ್ತದೆ. ಕೆಸರಲ್ಲಿ, ಉಪ್ಪುನೀರಲ್ಲಿ ನಿಂತ ಗಿಡವೂ ಗುಡ್ಡದ ಮೇಲಿನ ಸಾಗವಾನಿಯೂ ಇದಕ್ಕೆ ಒಂದೇ ತಾಟಿನ ಊಟ. ನನಗೆ ಇದು ಇವತ್ತಿಗೂ ಸೋಜಿಗ.

ಇದರ ಬದುಕನ್ನು ದಿನ ಎಣಿಸಿಯೇ ನೋಡಬೇಕು. ನಿಮ್ಮ ‘ಎಲ್ಲಿ ಹೋದವು’ ಎಂಬ ಪ್ರಶ್ನೆಗೆ ಉತ್ತರ ಆ ಎಣಿಕೆಯಲ್ಲೇ ಇದೆ.

ಹೆಣ್ಣು ಪತಂಗ ರಾತ್ರಿ ಬಂದು ಎಳೆ ಎಲೆಯ ಕೆಳಮೈಯಲ್ಲಿ, ನರದ ಪಕ್ಕ, ಒಂದೊಂದೇ ಮೊಟ್ಟೆ ಇಡುತ್ತದೆ. ಗುಂಪಾಗಿ ಇಡುವುದಿಲ್ಲ. ಹೀಗೆ ಒಂದೊಂದೇ ಇಡುತ್ತಾ ಒಂದು ಹೆಣ್ಣು 500ರ ಹತ್ತಿರ ಮೊಟ್ಟೆ ಇಡುತ್ತದೆ, ಕೆಲವು ಇನ್ನೂ ಜಾಸ್ತಿ. ಸುಮ್ನೆ ಒಂದು ಲೆಕ್ಕ ಹಾಕಿ. 500ರಲ್ಲಿ ಅರ್ಧ ಹೆಣ್ಣು ಅಂದುಕೊಂಡರೆ 250. ಎಲ್ಲವೂ ಬದುಕಿ ಮೊಟ್ಟೆ ಇಟ್ಟರೆ ಮುಂದಿನ ತಲೆಮಾರಿಗೆ ಒಂದು ಲಕ್ಷ ಇಪ್ಪತ್ತೈದು ಸಾವಿರ! ಎಲ್ಲವೂ ಬದುಕುವುದಿಲ್ಲ, ಅದು ನಮ್ಮ ಪುಣ್ಯ. ಆದರೆ ಕಾಡು ಒಮ್ಮೆಲೇ ಹುಳುವಿನಿಂದ ತುಂಬಿಹೋಗುವುದು ಹೇಗೆ ಅಂತ ಗೊತ್ತಾಯಿತಲ್ವಾ?

ಎರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿ ದಾರದ ಎಳೆಯಷ್ಟು ಸಣ್ಣ. ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಎಲೆಯ ಮೇಲ್ಮೈಯನ್ನಷ್ಟೇ ಕೆರೆದು ತಿನ್ನುತ್ತದೆ. ಬಲಿತ ಸಾಗವಾನಿ ಎಲೆ ಗೊತ್ತಲ್ಲ, ಉಪ್ಪುಕಾಗದದ ಹಾಗೆ ಒರಟು. ಈ ಮರಿಯ ಬಾಯಿಗೆ ಅದು ಆಗುವ ಮಾತಲ್ಲ. ಎಳೆ ಎಲೆ ಸಿಗದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಹಾಗಾಗಿ ಇಡೀ ಆಟ ನಡೆಯುವುದು ಚಿಗುರಿನ ಕೆಲವೇ ವಾರಗಳಲ್ಲಿ.

ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದಕ್ಕೆ ‘ಜ್ವರ’ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಅಂತ. ಇದಕ್ಕೂ ರೇಷ್ಮೆ ಹುಳುವಿನ ಹಾಗೆ ನಾಲ್ಕು ಜ್ವರ, ಐದು ಹಂತ. ಎರಡನೇ ಜ್ವರ ದಾಟಿದ ಮೇಲೆ ಅದರ ಜಾಣತನ ಶುರುವಾಗುತ್ತದೆ. ಎಲೆಯ ಅಂಚನ್ನು ಸ್ವಲ್ಪ ಕತ್ತರಿಸಿ, ಕರಿಗಡುಬು ಮಡಚಿದ ಹಾಗೆ ಎಲೆಯ ಮೇಲೆ ಮಡಚಿ, ತನ್ನ ರೇಷ್ಮೆಯಿಂದ ಹೊಲಿದು ಒಳಗೆ ಕೂರುತ್ತದೆ. ಹಕ್ಕಿಗೆ ಕಾಣಬಾರದು, ಬಿಸಿಲು ತಾಗಬಾರದು. ಹೆಚ್ಚಾಗಿ ರಾತ್ರಿ ಹೊರಬಂದು ತಿನ್ನುತ್ತದೆ. ಕೊನೆಯ ಎರಡು ಹಂತಗಳಲ್ಲಿ ಅದರ ಹೊಟ್ಟೆಗೆ ತಳವೇ ಇಲ್ಲ. ತಿನ್ನುವುದರಲ್ಲಿ ದೊಡ್ಡ ಪಾಲು ಆ ನಾಲ್ಕೈದು ದಿನದಲ್ಲೇ. ನೀವು ‘ಹತ್ತೇ ದಿನದಲ್ಲಿ’ ಅಂದಿರಿ. ನಿಜವಾಗಿ ಮೊದಲ ಐದಾರು ದಿನ ಅವು ತಿಂದದ್ದು ನಿಮಗೆ ಕಂಡೇ ಇರಲಿಲ್ಲ. ಕಂಡದ್ದು ಕೊನೆಯ ಪಂಕ್ತಿ.

ಆ ಹೊತ್ತಿನಲ್ಲಿ ಸಂಜೆ ಮೇಲೆ ಸಾಗವಾನಿ ಕಾಡಿನಲ್ಲಿ ನಿಂತಿದ್ದೀರಾ? ಮೋಡ ಇಲ್ಲ, ನಕ್ಷತ್ರ ಕಾಣುತ್ತಿವೆ, ಆದರೂ ತುಂತುರು ಮಳೆಯ ಸದ್ದು. ಅದು ಹುಳುಗಳ ಹಿಕ್ಕೆ ಒಣ ಎಲೆಯ ಮೇಲೆ ಉದುರುವ ಸದ್ದು. ಮೊದಲ ಸಲ ಕೇಳಿದಾಗ ನಾನು ಛತ್ರಿ ಬಿಚ್ಚಿದ್ದೆ. ಛತ್ರಿ ಬಿಚ್ಚಿದ್ದು ಒಳ್ಳೆಯದೇ ಆಯಿತು ಅನ್ನಿ.

ಮೊಟ್ಟೆ ಒಡೆದು ಹತ್ತು–ಹನ್ನೆರಡು ದಿನಕ್ಕೆ ಹುಳು ನಾಲ್ಕು ಸೆಂಟಿಮೀಟರ್ ಹತ್ತಿರ ಬೆಳೆದು ತಿನ್ನುವುದನ್ನು ನಿಲ್ಲಿಸುತ್ತದೆ. ಆಗ ದಾರ ಬಿಟ್ಟುಕೊಂಡು ನೆಲಕ್ಕೆ ಇಳಿಯುತ್ತದೆ. ನಿಮ್ಮ ತಲೆ ಮೇಲೆ ಇಳಿದವು ಅವೇ. ಕಂಬಳಿ ಹುಳುವಿನಂತೆ ಇದಕ್ಕೆ ಚುಚ್ಚುವ ಕೂದಲಿಲ್ಲ, ಮೈ ನುಣುಪು. ಮಕ್ಕಳ ಮೈಮೇಲೆ ಬಿದ್ದರೆ ಹೆದರಬೇಡಿ, ಕೊಡವಿಬಿಟ್ಟರೆ ಸಾಕು. ಇಳಿದ ಹುಳು ತರಗೆಲೆಯ ತೆಳು ಹೊದಿಕೆಯ ಕೆಳಗೆ, ಇಲ್ಲವೇ ಸಡಿಲ ಮಣ್ಣಿನಲ್ಲಿ ಕೋಶವಾಗುತ್ತದೆ. ಮಳೆ ಜೋರಾಗಿ ನೆಲ ಒದ್ದೆಯಾಗಿದ್ದರೆ ಬುಡದಲ್ಲಿ ಬೆಳೆದ ಬೇರೆ ಗಿಡಗಳ ಹಸಿರೆಲೆ ಮಡಚಿಕೊಂಡು ಅಲ್ಲೇ ಕೋಶ ಕಟ್ಟುವುದೂ ಉಂಟು. ಆರರಿಂದ ಎಂಟು ದಿನ. ಆಮೇಲೆ ಪತಂಗ.

ಅಂದರೆ ಮಿರಗದ ಆಸುಪಾಸಿನಲ್ಲಿ, ಜೂನ್ 6ಕ್ಕೆ ಮೊಟ್ಟೆ ಇಟ್ಟಿದ್ದರೆ 8ಕ್ಕೆ ಮರಿ, 19–20ಕ್ಕೆ ನೆಲಕ್ಕೆ, 27ರ ಸುಮಾರಿಗೆ ಪತಂಗ ಹಾರಿತು. ಮೂರು ವಾರದಲ್ಲಿ ಒಂದು ಬಾಳು. ಎಲ್ಲ ಮೊಟ್ಟೆಗಳೂ ಎರಡು–ಮೂರು ರಾತ್ರಿಗಳಲ್ಲೇ ಬಿದ್ದಿರುತ್ತವೆ. ಹಾಗಾಗಿ ಎಲ್ಲ ಹುಳುಗಳೂ ಒಂದೇ ವಯಸ್ಸಿನವು. ಒಟ್ಟಿಗೇ ಬೆಳೆಯುತ್ತವೆ, ಒಟ್ಟಿಗೇ ಇಳಿಯುತ್ತವೆ. ನಿಮಗೆ ‘ಮಾಯ’ವಾದಂತೆ ಕಂಡದ್ದು ಇದೇ. ಅವು ಎಲ್ಲೂ ಹೋಗಿರಲಿಲ್ಲ, ನಿಮ್ಮ ಕಾಲಡಿಯಲ್ಲೇ ಇದ್ದವು. ಮೊಮ್ಮಗಳು ಹುಡುಕಿದಳು, ದೊಡ್ಡವರು ಮೇಲೆ ನೋಡುತ್ತಾ ನಿಂತರು.

ಈಗ ಎಲ್ಲಿಂದ ಬಂದವು ಅನ್ನುವುದು. ಇದು ಕೀಟ ವಿಜ್ಞಾನಿಗಳನ್ನು ಬಹಳ ವರ್ಷ ಕಾಡಿದ ಪ್ರಶ್ನೆ. ಜನವರಿಯಿಂದ ಏಪ್ರಿಲ್‌ವರೆಗೆ ಸಾಗವಾನಿಯಲ್ಲಿ ಎಲೆಯೇ ಇರುವುದಿಲ್ಲ. ಆಗ ಇವು ಎಲ್ಲಿರುತ್ತವೆ? ಮಣ್ಣಿನಲ್ಲಿ ಕೋಶವಾಗಿ ಮಲಗಿರಬಹುದು ಅಂತ ಹಿಂದೆ ಊಹೆ ಇತ್ತು. ಹುಡುಕಿದರು, ಸಿಗಲಿಲ್ಲ. ಬೇಸಿಗೆ ಪೂರ್ತಿ ಮಲಗುವ ಕೋಶ ಇದಕ್ಕೆ ಇಲ್ಲ. ವರ್ಷವಿಡೀ ಅಲ್ಲಲ್ಲಿ ಒಂದಿಷ್ಟು ಹುಳು, ಎಲ್ಲೋ ಒಂದು ಎಳೆ ಚಿಗುರಿನ ಮೇಲೆ, ಯಾರ ಕಣ್ಣಿಗೂ ಬೀಳದೆ ಬದುಕಿಕೊಂಡಿರುತ್ತವೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಗಿಡ ಚಿಗುರಿದ ಕೂಡಲೇ ಮೊದಲು ಸಣ್ಣ ಸಣ್ಣ ತುಣುಕು ಕಾಡಿನಲ್ಲಿ, ಒಂದೆರಡು ಎಕರೆಯಲ್ಲಿ, ಹುಳು ಏಳುತ್ತದೆ. ಅಲ್ಲಿ ಹುಟ್ಟಿದ ಪತಂಗಗಳು ಹಿಂಡು ಕಟ್ಟಿ ಹೊರಡುತ್ತವೆ. ಮುಂದಿನ ತಲೆಮಾರು ಅದಕ್ಕಿಂತ ದೊಡ್ಡ ಪ್ರದೇಶದಲ್ಲಿ.

ನಮ್ಮ ರಾಯಬಾಗ, ಗೋಕಾಕ ಕಡೆಯ ಕುರುಬರು ಕುರಿ ಹೊಡೆದುಕೊಂಡು ಹಸಿರು ಇದ್ದಲ್ಲಿಗೆ ಹೋಗುತ್ತಾರಲ್ಲ, ಇದೂ ಹಾಗೇ. ಮೇಯಿಸಿದ ಜಾಗದಲ್ಲಿ ಕುರಿ ಹಟ್ಟಿ ಮತ್ತೆ ಉಳಿಯುವುದಿಲ್ಲ. ಬೋಳಾದ ಕಾಡಿನಲ್ಲಿ ಹುಟ್ಟಿದ ಪತಂಗಕ್ಕೂ ಅಲ್ಲಿ ಮೊಟ್ಟೆ ಇಡಲು ಎಲೆ ಇರುವುದಿಲ್ಲ. ಅದು ಹಾರಿ ಬೇರೆ ಚಿಗುರು ಹುಡುಕುತ್ತದೆ. ಜುಲೈ ಕಳೆಯುವ ಹೊತ್ತಿಗೆ ಎಲೆಗಳೆಲ್ಲ ಬಲಿತು ಒರಟಾಗುತ್ತವೆ, ದಂಡು ಕರಗುತ್ತದೆ. ನಮ್ಮ ತಾಲೂಕು ಇದಕ್ಕೆ ಹೇಳಿ ಮಾಡಿಸಿದ ಜಾಗ. ಪಶ್ಚಿಮಕ್ಕೆ ಕಣಕುಂಬಿ, ಜಾಂಬೋಟಿಯ ದಟ್ಟ ಮಳೆಕಾಡು. ಅಲ್ಲಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತಾ ಸಾಗವಾನಿ ಶುರುವಾಗುತ್ತದೆ, ಮುಂದೆ ಬೈಲಹೊಂಗಲದ ಎರೆಹೊಲ. ಇಷ್ಟು ಚಿಕ್ಕ ಅಂತರದಲ್ಲಿ ಮಳೆ ಇಷ್ಟೊಂದು ಬದಲಾದರೆ ಚಿಗುರೂ ಎಲ್ಲ ಕಡೆ ಒಂದೇ ದಿನ ಬರುವುದಿಲ್ಲ. ಇಲ್ಲಿ ಮುಗಿದರೆ ಅಲ್ಲಿ ಸಿಗುತ್ತದೆ.

ಇಂಥ ವರ್ಷ ಜೂನ್ ಕೊನೆಗೆ ಲೋಂಡಾದಿಂದ ಖಾನಾಪುರದ ಕಡೆ ರೈಲಿನಲ್ಲಿ ಬಂದರೆ ಕಿಟಕಿಯಲ್ಲೇ ಗೊತ್ತಾಗುತ್ತದೆ. ಮತ್ತಿ, ಹೊನ್ನೆ, ನಂದಿ ಎಲ್ಲ ಹಚ್ಚಗೆ ನಿಂತಿರುತ್ತವೆ, ನಡುವೆ ಸಾಗವಾನಿ ಮಾತ್ರ ಮಾಘ ಮಾಸದ ಹಾಗೆ ಬೋಳು. ಎದುರಿಗೆ ಕೂತವರು ‘ಕಾಡಿಗೆ ಬೆಂಕಿ ಬಿದ್ದಿತ್ತೇನೋ’ ಅಂದದ್ದನ್ನು ಎರಡು ಸಲ ಕೇಳಿದ್ದೇನೆ.

ಬೆಂಕಿ ಅಂದಾಗ ತರಗೆಲೆ ಸುಡುವ ವಿಷಯ. ದಯವಿಟ್ಟು ಸುಡಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ನೀವು ಸುಡುವ ಎಲೆಯಡಿ ಈ ಪತಂಗದ ಕೋಶ ಇರುವುದೇ ಇಲ್ಲ. ಅದು ಅಲ್ಲಿರುವುದು ಜೂನಿನ ಒಂದು ವಾರ, ಆಗ ಎಲೆ ಒದ್ದೆ. ಬೇಸಿಗೆಯ ಬೆಂಕಿಯಲ್ಲಿ ಸಾಯುವುದು ಈ ಹುಳುವನ್ನು ತಿನ್ನುವ ಇರುವೆ, ಜೇಡ, ನೆಲದ ಜೀರುಂಡೆಗಳು. ಶತ್ರುವನ್ನು ಬಿಟ್ಟು ಕಾವಲುಗಾರರನ್ನು ಸುಟ್ಟ ಹಾಗೆ. ಜೊತೆಗೆ ನಿಮ್ಮ ಮೂರು ವರ್ಷದ ಗಿಡಗಳ ತೊಗಟೆಯೂ ಬೇಯುತ್ತದೆ.

ನಷ್ಟವೇ ಇಲ್ಲವಾ ಅಂದರೆ, ಇದೆ. ಗಿಡ ಸಾಯುವುದಿಲ್ಲ, ಆದರೆ ಬೆಳೆಯಬೇಕಾದ ಹೊತ್ತಿನಲ್ಲಿ ಬೆಳೆಯುವುದಿಲ್ಲ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಿಂದಲೇ ಸಾಗವಾನಿ ತೋಪುಗಳಿವೆ. ಮಲಬಾರಿನ ಕಲೆಕ್ಟರ್ ಕನೊಲಿ ನೆಡಿಸಿದ್ದು. ಅಲ್ಲಿಯ ಎಳೆಯ ತೋಪಿನಲ್ಲಿ ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಐದು ವರ್ಷ ಒಂದು ಪ್ರಯೋಗ ಮಾಡಿದರು. ಕೆಲವು ಗಿಡಗಳನ್ನು ಹುಳು ಬರದಂತೆ ಕಾಯ್ದರು, ಕೆಲವನ್ನು ಹಾಗೇ ಬಿಟ್ಟರು. ಬಿಟ್ಟ ಗಿಡಗಳಲ್ಲಿ ಕಟ್ಟಿಗೆಯ ಗಾತ್ರದ ಬೆಳವಣಿಗೆ ಶೇ. 44ರಷ್ಟು ಕಡಿಮೆಯಾಗಿತ್ತು. ಇದು ಸಣ್ಣ ಅಂಕಿ ಅಲ್ಲ. ಆದರೆ ಇದು ಹುಳು ಮತ್ತೆ ಮತ್ತೆ ಬಂದ ಎಳೆಯ ತೋಪಿನ ಲೆಕ್ಕ. ನಿಮ್ಮ ಬದುವಿನ ಹನ್ನೆರಡು ವರ್ಷದ ಗಿಡಕ್ಕೆ ಒಂದು ಸಲದ ಹುಳುವಿಗೆ ಇದೇ ಅಂಕಿ ಹಚ್ಚಿ ಕಣ್ಣೀರು ಹಾಕಬೇಕಿಲ್ಲ.

ಮೂರು ವರ್ಷದವುಗಳ ಮೇಲೆ ಮಾತ್ರ ಕಣ್ಣಿಡಿ. ಹುಳು ತುದಿಯ ಮೊಗ್ಗನ್ನೂ ತಿಂದಿದ್ದರೆ ಆ ಜಾಗದಿಂದ ಎರಡು ಕವಲು ಏಳುತ್ತವೆ. ಹಾಗೇ ಬಿಟ್ಟರೆ ಮುಂದೆ ನೆಟ್ಟಗಿನ ದಿಮ್ಮಿ ಸಿಗುವುದಿಲ್ಲ, ಕವಣೆ ಕೋಲು ಸಿಗುತ್ತದೆ. ಕವಲು ಎಳೆಯದಿರುವಾಗಲೇ ನೆಟ್ಟಗಿರುವ ಒಂದನ್ನು ಉಳಿಸಿ ಇನ್ನೊಂದನ್ನು ಚಿವುಟಿಬಿಡಿ. ನನ್ನ ಮಟ್ಟಿಗೆ ಹುಳು ಬಂದು ಹೋದ ಮೇಲೆ ರೈತ ಮಾಡಬೇಕಾದ ಮುಖ್ಯ ಕೆಲಸ ಇದೊಂದೇ. ದುಡ್ಡೂ ಖರ್ಚಿಲ್ಲ.

ಔಷಧದ ಮಾತಿಗೆ ಬರೋಣ. ಎಲೆ ಬೋಳಾದ ಮೇಲೆ ಹೊಡೆಯುವ ಔಷಧ ಯಾರಿಗೆ? ಹುಳು ಆಗಲೇ ಕೆಳಗಿಳಿದಾಗಿದೆ. ಮೇಲೆ ತಿನ್ನುವವರಿಲ್ಲ, ತಿನ್ನಲು ಎಲೆಯೂ ಇಲ್ಲ. ಆಗ ಸತ್ತರೆ ಸಾಯುವುದು ಜೇನು, ಪರೋಪಜೀವಿ ಕಣಜ, ಹುಳು ತಿನ್ನಲು ಬಂದ ಹಕ್ಕಿಯ ಮರಿ. ನಮ್ಮ ದೇಶದಲ್ಲಿ ಹಿಂದೆ ಸಾಗವಾನಿ ಕಾಡಿನ ಮೇಲೆ ವಿಮಾನದಿಂದ ಕೀಟನಾಶಕ ಸಿಂಪಡಿಸಿ ನೋಡಿದ್ದಾರೆ. ಈ ಪತಂಗ ಹಾಗೇ ಇದೆ. ನಿಮ್ಮ ಅಂಗಡಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಹತ್ತಿರ ಇರುವುದು ಔಷಧ, ಹೇಳುವುದೂ ಔಷಧ.

ಎಳೆ ಗಿಡ ಉಳಿಸಿಕೊಳ್ಳಲೇಬೇಕು ಅಂದರೆ ಹೊತ್ತು ನೋಡಿ ಮಾಡಬೇಕು. ಮೊದಲ ಮಳೆಗೆ ಚಿಗುರು ಬಂದ ದಿನದಿಂದ ಎರಡು ದಿನಕ್ಕೊಮ್ಮೆ ಕೆಲವು ಎಲೆಗಳನ್ನು ತಿರುವಿ ನೋಡಿ. ಕೆರೆದ ಗುರುತು, ದಾರದಂಥ ಮರಿ ಕಂಡರೆ ಆಗ ಬಿ.ಟಿ. ಬ್ಯಾಕ್ಟೀರಿಯಾದ ಪುಡಿ ಕೆಲಸ ಮಾಡುತ್ತದೆ. ಚೀಟಿಯಲ್ಲಿ ಬರೆದ ಪ್ರಮಾಣದಲ್ಲೇ, ಸಂಜೆ ಹೊತ್ತು, ಎಲೆಯ ಎರಡೂ ಮೈಗೆ. ಅಕ್ಕಪಕ್ಕ ಯಾರಾದರೂ ಹಿಪ್ಪುನೇರಳೆ ಬೆಳೆದು ರೇಷ್ಮೆ ಸಾಕುತ್ತಿದ್ದರೆ ಮಾತ್ರ ಬೇಡವೇ ಬೇಡ. ರೇಷ್ಮೆ ಹುಳುವಿಗೂ ಅದು ವಿಷ. ಇನ್ನೊಂದು ಹಳೆಯ ಉಪಾಯ, ಹುಳು ಇಳಿಯುವ ದಿನಗಳಲ್ಲಿ ಜವಾರಿ ಕೋಳಿಗಳನ್ನು ಗಿಡದ ಬುಡಕ್ಕೆ ಬಿಡಿ. ಕೋಶಗಳನ್ನು ಕೆದರಿ ಕೆದರಿ ತಿನ್ನುತ್ತವೆ. ಇಂಡೋನೇಷ್ಯಾದ ಜಾವಾದಲ್ಲಿ ಜನರೇ ಈ ಕೋಶಗಳನ್ನು ಆರಿಸಿ ಹುರಿದು ತಿನ್ನುತ್ತಾರೆ. ನಾನು ತಿಂದಿಲ್ಲ, ನಿಮಗೂ ಹೇಳುವುದಿಲ್ಲ.

ಕಾಡಿನಲ್ಲಿ ಇದನ್ನು ತಡೆಯುವವರು ಬೇರೆಯೇ ಇದ್ದಾರೆ. ಕಾಗೆ, ಗೊರವಂಕ, ಕಾಜಾಣಗಳು ಹುಳು ಎದ್ದ ಕಡೆ ಸಂತೆ ನೆರೆಯುತ್ತವೆ. ಹುಳುವಿನ ಮೈಯಲ್ಲಿ ಮೊಟ್ಟೆ ಇಡುವ ನೊಣ, ಕಣಜಗಳಿವೆ. ಎಲ್ಲಕ್ಕಿಂತ ದೊಡ್ಡದು ಒಂದು ವೈರಸ್. ಇದರ ಪರಿಚಯ ನನಗಾದದ್ದು ನನ್ನ ದಡ್ಡತನದಿಂದ. ಒಮ್ಮೆ ಐವತ್ತು–ಅರವತ್ತು ಹುಳು ಹಿಡಿದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ಚಿಗುರು ಹಾಕಿ, ಮುಚ್ಚಳ ಬಿಗಿದು ಊರಿಗೆ ಹೋದೆ. ನಾಲ್ಕನೇ ದಿನ ಬಂದು ತೆರೆದರೆ ಒಂದೂ ಹುಳು ಇಲ್ಲ, ಕರಗಿದ ಲೋಳೆ! ಮನೆಯವರು ಡಬ್ಬಿಯ ಜೊತೆ ನನ್ನನ್ನೂ ಅಂಗಳಕ್ಕೆ ಹಾಕಿದರು. ರೇಷ್ಮೆಯವರಿಗೆ ‘ಹಾಲು ತೊಂಡೆ’ ರೋಗ ಗೊತ್ತು. ಹುಳುವಿನ ಚರ್ಮ ಹರಿದು ಹಾಲಿನಂಥ ನೀರು ಸುರಿಯುತ್ತದೆ. ಇದೂ ಅದೇ ಬಳಗದ ವೈರಸ್, ಆದರೆ ಸಾಗವಾನಿ ಹುಳುವಿಗೇ ಮೀಸಲು. ಹುಳು ಒತ್ತೊತ್ತಾಗಿ ಇದ್ದಷ್ಟೂ ಬೇಗ ಹರಡುತ್ತದೆ. ಒಂದು ಸತ್ತು ಎಲೆಯ ಮೇಲೆ ಕರಗಿದರೆ ಆ ಎಲೆ ತಿಂದ ಹತ್ತಕ್ಕೆ ಅಂಟಿತು. ದಂಡು ಅತಿಯಾದಾಗ ಅದನ್ನು ಮುರಿಯುವುದು ಹೆಚ್ಚಾಗಿ ಇದೇ. ಪೀಚಿಯವರು ಈ ವೈರಸ್ಸನ್ನೇ ಬೆಳೆಸಿ ಸಿಂಪಡಿಸುವ ವಿಧಾನವನ್ನೂ ರೂಪಿಸಿದ್ದಾರೆ. ಜೇನಿಗಾಗಲಿ ಜನರಿಗಾಗಲಿ ಅದರಿಂದ ತೊಂದರೆ ಇಲ್ಲ. ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ ಅನ್ನುವುದೊಂದೇ ಅದರ ಕೊರತೆ.

ಇನ್ನೊಂದು ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ, ಬಲಿತ ಎಲೆಗಳು ಜರಡಿಯಂತಾಗಿ ಕಂದಿದರೆ ‘ಮತ್ತೆ ಅದೇ ಬಂತು’ ಅಂತ ಬರೆಯಬೇಡಿ. ಅದು ಬೇರೆ ಪತಂಗದ ಹುಳು. ಅದು ಎಲ್ಲ ನರಗಳನ್ನೂ ಬಿಟ್ಟು ನಡುವಿನ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ಎಲೆ ಸೋಸುವ ಬಟ್ಟೆಯಂತೆ ಉಳಿಯುತ್ತದೆ. ಹೇಗೂ ಉದುರುವ ಎಲೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೊನೆಗೆ ಮೊಮ್ಮಗಳ ಬಾಟಲಿ. ಮುಚ್ಚಳ ತೆಗೆದು ತೆಳು ಬಟ್ಟೆ ಕಟ್ಟಲು ಹೇಳಿ, ನನ್ನ ಡಬ್ಬಿಯ ಗತಿ ಆಗುವುದು ಬೇಡ. ಒಳಗೆ ಒಂದು ಕಡ್ಡಿ ನಿಲ್ಲಿಸಲಿ. ಹೊರಬಂದ ಪತಂಗಕ್ಕೆ ಹತ್ತಿ ಕೂತು ರೆಕ್ಕೆ ಬಿಡಿಸಲು ಅದು ಬೇಕು. ರೆಕ್ಕೆ ಬಿಡಿಸಿದಾಗ ಅಗಲ ಮೂರು–ನಾಲ್ಕು ಸೆಂಟಿಮೀಟರ್, ಅಷ್ಟೇ. ಕೂತಾಗ ಮುಂದಿನ ರೆಕ್ಕೆ ಒಣ ಎಲೆಯ ಬೂದು–ಕಂದು. ‘ಇಷ್ಟೇನಾ ಅಜ್ಜಾ’ ಅಂತ ಅವಳು ಮುಖ ಸಣ್ಣ ಮಾಡಬಹುದು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಮುಂದಿನ ರೆಕ್ಕೆ ಸರಿದು ಹಿಂದಿನದು ಕಾಣುತ್ತದೆ, ಕಪ್ಪು ನೆಲದ ಮೇಲೆ ಕಿತ್ತಳೆ–ಹಳದಿ ಪಟ್ಟೆ. ಅದನ್ನು ನೋಡಿದ ಮೇಲೆ ಕತ್ತಲಾದಾಗ ಬಿಟ್ಟುಬಿಡಲಿ. ಮೂರು ಪತಂಗದಿಂದ ನಿಮ್ಮ ಸಾಗವಾನಿಗೆ ಏನೂ ಆಗುವುದಿಲ್ಲ. ಒಂದು ವೇಳೆ ಕೋಶದಿಂದ ಪತಂಗದ ಬದಲು ಸಣ್ಣ ಕಣಜವೋ ನೊಣವೋ ಹೊರಬಂದರೆ ಅವಳಿಗೆ ಬೇಜಾರಾಗಬಹುದು. ಹಾಗಾದರೆ ನನಗೆ ಖಂಡಿತ ಬರೆಯಿರಿ, ಯಾವ ದಿನ ಬಂತು, ಎಷ್ಟು ಬಂದವು ಅಂತ ಅವಳ ಕೈಯಲ್ಲೇ ಬರೆಸಿ.